ಹೆಲ್‌ಬಿಗ್ ಅವರು ಉಳಿಸಿದ ನಾಲ್ಕು ಸೆಕೆಂಡು

ಓಟ್ಮಾರ್ ಹೆಲ್‌ಬಿಗ್ ಅವರ ಬಗ್ಗೆ ಪೂರ್ವ ಜರ್ಮನಿಯ ನಮ್ಮ ಆಲ್ಟೆನ್‌ರೋಡಾದಲ್ಲಿ ಯಾರನ್ನು ಕೇಳಿದರೂ ಎರಡು ಮಾತು ಹೇಳುತ್ತಾರೆ: ಒಳ್ಳೆಯ ಮನುಷ್ಯ, ಆದರೆ ಯುದ್ಧ ಮುಗಿದ ಮೇಲೆ ತಲೆ ಸ್ವಲ್ಪ ಕೆಟ್ಟಿತ್ತು. ನಾನು ಯಂತ್ರದ ಗೇರು ಮಾಡುವ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಅವರ ಪಕ್ಕದ ಮೇಜಿನಲ್ಲಿ ಒಂಬತ್ತು ವರ್ಷ ಕೂತವಳು. ಅವರು ಪೆನ್ಸಿಲಿನಲ್ಲಿ ಬರೆದ ನಕ್ಷೆಗೆ ಮಸಿಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸವಾಗಿತ್ತು. ತಲೆ ಕೆಟ್ಟಿರಲಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಒಳ್ಳೆಯವರಾಗಿದ್ದರೋ ಇಲ್ಲವೋ, ಅದನ್ನು ಹೇಳಲು ನನಗೆ ಬಾಯಿಲ್ಲ. ಯಾಕೆಂದರೆ ಅವರು ಮಾಡಿದ್ದರಲ್ಲಿ ನನ್ನದೂ ಪಾಲಿದೆ.

ಅವರ ಅಪ್ಪ ಗಡಿಯಾರದ ಚಕ್ರ ಕೊರೆಯುತ್ತಿದ್ದವನು, ಅಜ್ಜ ಬೇಟೆ ಬಂದೂಕಿನ ಕುದುರೆ ಮಾಡುತ್ತಿದ್ದವನು. ಹೆಲ್‌ಬಿಗ್ ಅವರದು ಗೇರುಗಳ ಕೈ. ತಿರುಗುವ ಗೇರಿನ ಪೆಟ್ಟಿಗೆಗೆ ಒಂದು ಕೋಲು ತಾಗಿಸಿ, ಅದರ ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡು, "ಇದರಲ್ಲಿ ಒಂದು ಹಲ್ಲು ಅಳ್ತಿದೆ, ಬಿಚ್ಚಿ ನೋಡಿ" ಎನ್ನುತ್ತಿದ್ದರು. ಬಿಚ್ಚಿದರೆ ಯಾವುದೋ ಒಂದು ಹಲ್ಲಿನ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಇದ್ದೇ ಇರುತ್ತಿತ್ತು. ಜೋರಾಗಿ ಮಾತಾಡುವ ಜಾತಿಯಲ್ಲ. ಮಧ್ಯಾಹ್ನ ಹೆಂಡತಿ ಟ್ರೌಡೆಲ್ ಕಟ್ಟಿಕೊಟ್ಟ ಬ್ರೆಡ್ಡನ್ನು ಅರ್ಧ ಮುರಿದು ನನ್ನ ಕಡೆ ಸರಿಸುತ್ತಿದ್ದರು. ನನ್ನ ಗಂಡ ಫ್ರಾನ್ಸಿನಲ್ಲಿ ಸತ್ತ ಮೇಲೆ ಭಾನುವಾರದ ಊಟಕ್ಕೆ ನಾನು ಅವರ ಮನೆಗೇ ಹೋಗುತ್ತಿದ್ದೆ.

ಸಾವಿರದ ಒಂಬೈನೂರ ನಲವತ್ತೆರಡರ ಅಕ್ಟೋಬರಿನಲ್ಲಿ ಸೇನೆಯ ಮೂವರು ಅಧಿಕಾರಿಗಳು ಕಾರ್ಖಾನೆಗೆ ಬಂದರು. ಹೊಸದೊಂದು ಭಾರೀ ಟ್ಯಾಂಕ್ ತಯಾರಾಗುತ್ತಿತ್ತು. ಅದರ ಕೊನೆಯ ಗೇರು, ಅಂದರೆ ಎಂಜಿನ್ನಿನ ಬಲವನ್ನು ಟ್ಯಾಂಕಿನ ಉಕ್ಕಿನ ಪಟ್ಟಿ ಎಳೆಯುವ ಚಕ್ರಕ್ಕೆ ಮುಟ್ಟಿಸುವ ಗೇರು, ನಮ್ಮದು. ಹೆಲ್‌ಬಿಗ್ ಅವರು ಮೀನಿನ ಮುಳ್ಳಿನಂತೆ ಎರಡೂ ಕಡೆಗೆ ಓರೆಯಾದ ಹಲ್ಲುಗಳನ್ನಿಟ್ಟು ಅದನ್ನು ಬರೆದಿದ್ದರು. ಗಟ್ಟಿಯಾದದ್ದು. ಆದರೆ ಅಂಥ ಹಲ್ಲು ಕೊರೆಯುವ ಯಂತ್ರಗಳು ದೇಶದಲ್ಲೇ ಬೆರಳೆಣಿಕೆಯಷ್ಟಿದ್ದವು. ನೇರ ಹಲ್ಲು ಸಾಕು ಎಂಬ ಆಜ್ಞೆ ಬೇಸಿಗೆಯಲ್ಲೇ ಬಂದಿತ್ತು. ಈಗ ಎರಡನೆಯ ಆಜ್ಞೆ: ಮುಂಭಾಗಕ್ಕೆ ಇನ್ನಷ್ಟು ದಪ್ಪ ಉಕ್ಕಿನ ಹಲಗೆ. ಟ್ಯಾಂಕಿನ ತೂಕ ಹತ್ತು ಟನ್ ಹೆಚ್ಚಾಗುತ್ತಿತ್ತು.

ನಾನು ಅಳತೆಗಳನ್ನು ಬರೆದುಕೊಳ್ಳಲು ಮೂಲೆಯಲ್ಲಿ ಕೂತಿದ್ದೆ. ಹೆಲ್‌ಬಿಗ್ ಎದ್ದು ನಿಂತರು.

"ಈ ಗೇರು ಮೂವತ್ತೈದು ಟನ್ನಿಗೆ ಅಂತ ಮಾಡಿದ್ದು ಸಾರ್. ನಲವತ್ತೈದು ಹೊರಿಸಿದ್ರೆ ನೂರೈವತ್ತು ಕಿಲೋಮೀಟರ್ ಓಡೋದ್ರೊಳಗೆ ಹಲ್ಲು ಉದುರುತ್ತೆ."

ಮೂವರಲ್ಲಿ ದೊಡ್ಡ ಅಧಿಕಾರಿ ಕಾಫಿ ಬಟ್ಟಲು ಕೆಳಗಿಟ್ಟ. "ನೂರೈವತ್ತಾ? ಸಾಕಲ್ಲ ಮಾರಾಯ್ರೇ! ನಾವು ಹೋಗೋದು ಒಂದೇ ಸಲ. ಬರ್ತಾ ರೈಲಲ್ಲಿ ಬರ್ತೀವಿ, ಹೂವಿನ ಹಾರ ಹಾಕ್ಕೊಂಡು!"

ಕೋಣೆಯೆಲ್ಲ ಘೊಳ್ಳೆಂದಿತು. ನಮ್ಮ ಮುಖ್ಯ ಎಂಜಿನಿಯರ್ ಸ್ಟ್ರೌಬೆಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಲ್‌ಬಿಗ್ ಅವರೂ ನಕ್ಕರು. ನಿಂತುಕೊಂಡೇ, ಸ್ವಲ್ಪ ತಡವಾಗಿ, ತುಟಿ ಅಗಲಿಸಿ. ಆಮೇಲೆ ಸ್ಟ್ರೌಬೆಲ್ ಮುಂದಿಟ್ಟ ಹಾಳೆಗೆ ಸಹಿ ಹಾಕಿದರು: ಪರೀಕ್ಷಿಸಲಾಗಿದೆ, ಒಪ್ಪಲಾಗಿದೆ.

ಹೊರಗೆ ಬಂದ ಮೇಲೆ ನಾನು ಕೇಳಿದೆ, "ಸಹಿ ಹಾಕಿದ್ದು ಸರಿ, ಹಾಕ್ದೇ ಇದ್ರೆ ಬಿಡ್ತಿರ್ಲಿಲ್ಲ. ನಕ್ಕಿದ್ದ್ಯಾಕೆ?"

"ಎಲ್ರೂ ನಕ್ರಲ್ಲ ಗೆರ್ದಾ," ಎಂದರು. ಸ್ವಲ್ಪ ದೂರ ನಡೆದ ಮೇಲೆ, "ನೀವೂ ನಕ್ರಿ," ಎಂದರು.

ಹೌದು, ನಾನೂ ನಕ್ಕಿದ್ದೆ.

ಮರುವರ್ಷದ ನವೆಂಬರಿನಲ್ಲಿ ಟ್ರೌಡೆಲಳ ತಮ್ಮ ಆರ್ನುಲ್ಫ್ ರಜೆಯ ಮೇಲೆ ಬಂದ. ಅವನು ಟ್ಯಾಂಕ್ ಓಡಿಸುತ್ತಿದ್ದವನು. ಆ ಹೊಸ ಟ್ಯಾಂಕನ್ನೇ. ಭಾನುವಾರದ ಊಟಕ್ಕೆ ಟ್ರೌಡೆಲ್ ಎಲ್ಲಿಂದಲೋ ಮೊಲ ತಂದು ಬೇಯಿಸಿದ್ದಳು, ಆಲೂಗಡ್ಡೆಯ ಕಡುಬು, ಕೆಂಪು ಕೋಸಿನ ಪಲ್ಯ. ಆರ್ನುಲ್ಫ್ ಮೊದಲ ಎರಡು ಕಡುಬು ಮಾತಿಲ್ಲದೆ ನುಂಗಿದ. ಮೂರನೆಯದಕ್ಕೆ ಬಾಯಿ ಬಿಟ್ಟ.

"ಭಾವ, ನೀವು ಗೇರಿನವ್ರು. ನಿಮ್ಗೆ ಗೊತ್ತಿರ್ಬೇಕು. ನಮ್ಮ ಗಾಡಿ ಸತ್ತಿದ್ದು ಶತ್ರು ಗುಂಡಿಗಲ್ಲ. ಒಂದು ಹೊಲ ಹತ್ತಿಸ್ತಿದ್ದೆ. ಎಡಗಡೆ ಕಟ ಕಟ ಅಂತು. ಮುಗೀತು, ಕತ್ತೆ ಥರ ನಿಂತ್ಬಿಡ್ತು."

"ಎಷ್ಟು ಓಡಿತ್ತು?" ಎಂದು ಹೆಲ್‌ಬಿಗ್ ಕೇಳಿದರು.

"ರೈಲಿಂದ ಇಳಿಸಿದ ಮೇಲೆ ನೂರ ನಲವತ್ತೋ ಏನೋ. ನಮ್ಮ ತುಕಡೀಲಿ ಹದಿನಾರು ಗಾಡಿ. ಒಂಬತ್ತು ಇದೇ ಕಾಯಿಲೇಲಿ ನಿಂತ್ವು. ಎಳೆಯೋಕೆ ಹಗ್ಗ ಕಟ್ತೀನಿ ಅಂತ ಲುಟ್ಸ್ ಇಳಿದ. ನಮ್ಮ ಗುಂಡು ತುಂಬೋನು. ಬೇಕರಿಯವನು ಭಾವ, ಒಳ್ಳೇ ಹುಡುಗ, ಯಾವಾಗ್ಲೂ ಹಾಡ್ತಿದ್ದ. ಕೊಕ್ಕೆ ಸಿಕ್ಕಿಸೋ ಹೊತ್ತಿಗೆ ತಲೆಗೇ ಹೊಡೆದ್ರು. ಆಮೇಲೆ ನಮ್ಮ ಗಾಡೀನ ನಾವೇ ಸುಟ್ವಿ, ಅವರ ಕೈಗೆ ಸಿಗಬಾರದು ಅಂತ." ಅವನು ಫೋರ್ಕನ್ನು ತಟ್ಟೆಗೆ ಕುಕ್ಕಿದ. "ಆ ಗೇರು ಪಾಸ್ ಮಾಡಿದ ಕತ್ತೆ ಯಾರು ಅಂತ ಒಂದು ಸಲ ಗೊತ್ತಾಗ್ಲಿ."

ಟ್ರೌಡೆಲ್ ಗಂಡನ ಮುಖ ನೋಡಿದಳು. ಅವಳಿಗೂ ಗೊತ್ತಿತ್ತು. ನಾನು ತಟ್ಟೆ ನೋಡಿಕೊಂಡೆ. ಹೆಲ್‌ಬಿಗ್ ಪಾತ್ರೆಯನ್ನು ಅವನ ಕಡೆ ತಳ್ಳಿದರು.

"ಇನ್ನೊಂದು ಕಡುಬು ಹಾಕ್ಕೋಪ್ಪ," ಎಂದರು.

ಆರ್ನುಲ್ಫ್ ಹಾಕಿಕೊಂಡ. ಆ ಮಧ್ಯಾಹ್ನ ಮತ್ತೆ ಆ ಮಾತು ಬರಲಿಲ್ಲ.

ಸೋಮವಾರ ಹೆಲ್‌ಬಿಗ್ ನನ್ನ ಮೇಜಿಗೆ ಬಂದರು. ಮುಖ ಊದಿಕೊಂಡಿತ್ತು. "ಇನ್ನು ಗೇರು ಮುಟ್ಟಲ್ಲ. ಪಕ್ಕದ ಶೆಡ್ಡಿನ ಕೊಳವೆ ಕೆಲಸಕ್ಕೆ ಹಾಕಿ ಅಂತ ಕೇಳ್ಕೊಂಡಿದೀನಿ. ನೀವೂ ಬನ್ನಿ. ಅದರಲ್ಲಾದ್ರೂ ಬುದ್ಧಿ ಇದೆ."

ಕೊಳವೆ ಎಂದರೆ ಒಬ್ಬ ಸೈನಿಕ ಕಂಕುಳಲ್ಲಿ ಹಿಡಿದು ಟ್ಯಾಂಕಿನ ಕಡೆಗೆ ಒಮ್ಮೆ ಸಿಡಿಸಿ ಎಸೆದುಬಿಡುವಂಥದ್ದು. ತೆಳು ತಗಡು, ಒಂದು ಸರಳ ಬಿಲ್ಲೆ, ಒಂದು ಕೀಲು, ಅಷ್ಟೆ. ಹಲ್ಲಿಲ್ಲ, ಚಕ್ರವಿಲ್ಲ. ಭಾರೀ ಟ್ಯಾಂಕಿನ ಮೇಲೆ ಸೇನೆ ವರ್ಷಗಟ್ಟಲೆ ಕಳೆದಿತ್ತು. ಇದನ್ನು ಕೆಲವೇ ತಿಂಗಳಲ್ಲಿ ಸರಿಯಾಗಿ ಯೋಚಿಸಿ ಮಾಡಿತ್ತು. ಇದು ಒಳ್ಳೆಯ ನಿರ್ಧಾರ ಎಂದು ಕಾರ್ಖಾನೆಯ ಪ್ರತಿಯೊಬ್ಬನೂ ಹೇಳುತ್ತಿದ್ದ. ಹೆಲ್‌ಬಿಗ್ ಅವರಿಗೆ ಒಳ್ಳೆಯ ಕೆಲಸವೊಂದು ಬೇಕಾಗಿತ್ತು. ಲುಟ್ಸ್ ಎಂಬ ಬೇಕರಿಯವನ ಹೆಸರು ತಲೆಯಿಂದ ಹೋಗಬೇಕಾಗಿತ್ತು.

ಸ್ಟ್ರೌಬೆಲ್ ಹೆಲ್‌ಬಿಗ್ ಅವರಿಗೆ ಹೇಳಿದ ಕೆಲಸ ಇಷ್ಟು: ಕೊಳವೆಯ ತಯಾರಿಕೆಯನ್ನು ಚಿತ್ರಗಳಲ್ಲಿ ಬರೆಯಬೇಕು. ಅಕ್ಷರ ಇರಕೂಡದು. "ನಮ್ಮ ಭಾಷೆ ಬರದೋರು ಮಾಡ್ತಾರೆ. ಯಂತ್ರದ ಮುಂದೆ ಒಂದು ದಿನಾನೂ ನಿಲ್ಲದೋರು. ನೋಡಿದ ಕೂಡ್ಲೆ ಕೈ ಓಡ್ಬೇಕು."

ಯಾರು ಅವರು ಎಂದು ನಾವು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಊರಾಚೆ ಮರ ಕೊಯ್ಯುವ ಗಿರಣಿಯ ಹತ್ತಿರ ಮುಳ್ಳುತಂತಿ ಹಾಕಿ ಮನೆ ಕಟ್ಟುತ್ತಿದ್ದುದನ್ನು ಎಲ್ಲರೂ ನೋಡಿದ್ದೆವು.

ಹೆಲ್‌ಬಿಗ್ ಆ ಚಳಿಗಾಲವೆಲ್ಲ ಹನ್ನೆರಡು ಕಾರ್ಡು ಬರೆದರು. ಒಂದು ಕಾರ್ಡಿಗೆ ಒಂದು ಹೆಜ್ಜೆ. ಗೇರಿನ ಹಲ್ಲನ್ನು ಕೂದಲೆಳೆ ತಪ್ಪದಂತೆ ಬರೆಯುವ ಮನುಷ್ಯನಿಗೆ ಕೈ ಬರೆಯುವುದು ಬರುತ್ತಿರಲಿಲ್ಲ. ಬರೆದದ್ದೆಲ್ಲ ಮೂಲಂಗಿಯಂತೆ ಕಾಣುತ್ತಿತ್ತು. ಕೊನೆಗೆ ನನ್ನ ಕೈ ಕೇಳಿದರು. ನಾನು ಕೊಳವೆಯನ್ನು ಹಿಡಿದೆ, ಎತ್ತಿದೆ, ತಿರುಗಿಸಿದೆ. ಅವರು ನೋಡಿ ನೋಡಿ ಬರೆದರು. ಆಮೇಲೆ ನಾನೇ ಮಸಿ ಎಳೆದೆ. ಉಂಗುರ ಬರೆಯಲಿಲ್ಲ. ಉಗುರನ್ನು ಮಾತ್ರ ಚೆಂದವಾಗಿ ಬರೆದರು.

ಏಳನೆಯ ಹೆಜ್ಜೆಯಲ್ಲಿ ತೊಡಕು ಬಂತು. ತಗಡಿನ ಎಣ್ಣೆ, ತುಕ್ಕು ಹೋಗಲೆಂದು ಕೊಳವೆಯನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ, ತೆಗೆದು, ನೀರಿಗೆ ಹಾಕಿ, ಬಾಯಿಗೆ ಅಳತೆಯ ಬಳೆ ತೊಡಿಸಿ ನೋಡಬೇಕು. ತೊಟ್ಟಿಗೆ ಕೈಗವಸು ಬೇಕು. ಅಳತೆಯ ಬಳೆಗೆ ಬರಿಗೈ ಬೇಕು, ಇಲ್ಲದಿದ್ದರೆ ಬಿಗಿ ತಿಳಿಯುವುದಿಲ್ಲ. ಹಾಕು, ತೆಗೆ, ಹಾಕು, ತೆಗೆ. ಹೆಲ್‌ಬಿಗ್ ಗಡಿಯಾರ ಹಿಡಿದು ನನ್ನಿಂದ ಹತ್ತು ಕೊಳವೆ ಮಾಡಿಸಿದರು. ಒಂದೊಂದಕ್ಕೂ ನಾಲ್ಕು ಸೆಕೆಂಡು ಕೈಗವಸಿಗೇ ಹೋಗುತ್ತಿತ್ತು.

ಅವರು ಅಂಗಿಯ ತೋಳು ಮಡಚಿ ತಮ್ಮ ತೋರುಬೆರಳನ್ನು ತೊಟ್ಟಿಗೆ ಅದ್ದಿದರು. ನೀರಲ್ಲಿ ತೊಳೆದು ನನಗೆ ತೋರಿಸಿದರು.

"ನೋಡಿ. ಏನೂ ಆಗ್ಲಿಲ್ಲ. ತೆಳು ಆಸಿಡ್ ಇದು."

"ಚುರು ಚುರು ಅನ್ನಲ್ವಾ?"

"ಒಂಚೂರು. ವಿನೆಗರ್ ತಾಗಿದ ಹಾಗೆ."

ಏಳನೆಯ ಕಾರ್ಡಿನಿಂದ ಕೈಗವಸನ್ನು ರಬ್ಬರಿನಿಂದ ಅಳಿಸಿದರು. ಅದರ ಜಾಗದಲ್ಲಿ ನನ್ನ ಬರಿಗೈ ಬಂತು. ನಾನು ಒಂದು ಸಲವೂ ಪೆನ್ನು ತಡೆಯಲಿಲ್ಲ. ನನ್ನಿಂದ ಹತ್ತು ಕೊಳವೆ ಮಾಡಿಸಿದ್ದರು. ಆಮೇಲೆ ದೊಡ್ಡ ಸೆರೆಶಿಬಿರದಿಂದ ಕರೆತಂದ ಹೆಂಗಸರು ದಿನಕ್ಕೆ ಒಂಬೈನೂರು ಮಾಡಬೇಕಾಗಿತ್ತು.

ಕೊಳವೆಗಳು ಸಾವಿರ ಸಾವಿರವಾಗಿ ಹೊರಗೆ ಹೋದವು. ಮೇ ತಿಂಗಳಲ್ಲಿ ಹೆಲ್‌ಬಿಗ್ ಅವರಿಗೆ ಪದಕ ಬಂತು. ಟ್ರೌಡೆಲ್ ಒಣ ಪ್ಲಮ್ಮಿನ ಕೇಕ್ ಮಾಡಿದಳು. ನಕ್ಷೆ ವಿಭಾಗದಲ್ಲಿ ಎಲ್ಲರೂ ತಿಂದೆವು. ಅವರು ಅಂದು ಸಂತೋಷವಾಗಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಕೋಲು ಹಿಡಿದು ಹಳೆಯ ಯಂತ್ರವೊಂದರ ಗೇರು ಆಲಿಸಿ ಜೋಕು ಹೇಳಿದರು. ನನಗೂ ಖುಷಿಯಾಗಿತ್ತು. ಇದನ್ನು ಮುಚ್ಚಿಡಬಾರದು ಎಂದೇ ಬರೆಯುತ್ತಿದ್ದೇನೆ.

ಆ ಹೆಂಗಸರನ್ನು ನಾವು ದಿನಾ ನೋಡುತ್ತಿದ್ದೆವು. ಬೆಳಿಗ್ಗೆ ಆರಕ್ಕೆ ಐದೈದು ಜನರ ಸಾಲಿನಲ್ಲಿ, ಬೋಳಿಸಿದ ತಲೆ, ಮರದ ಚಪ್ಪಲಿ. ಬ್ರೆಡ್ಡಿನಂಗಡಿಯ ಮುಂದೆ ಹಾದುಹೋಗುವಾಗ ಅಂಗಡಿಯ ಮುಂದಿನ ಸಾಲು ಗೋಡೆಯ ಕಡೆ ತಿರುಗಿ ನಿಲ್ಲುತ್ತಿತ್ತು. ಯಾರೂ ತಿರುಗಿ ಎಂದು ಹೇಳಿರಲಿಲ್ಲ. ನಾವೇ ತಿರುಗುತ್ತಿದ್ದೆವು.

ಆಗಸ್ಟ್‌ನಲ್ಲಿ ಕೊಳವೆಗಳು ತಿರಸ್ಕೃತವಾಗತೊಡಗಿದವು. ಅಳತೆಯ ಬಳೆ ಸರಿಯಾಗಿ ಕೂರದ ಮಾಲು ಏಳನೆಯ ಜಾಗ ದಾಟಿ ಮುಂದಕ್ಕೆ ಹೋಗುತ್ತಿತ್ತು. ಯಾಕೆಂದು ನೋಡಿ ಬರಲು ಸ್ಟ್ರೌಬೆಲ್ ನಮ್ಮಿಬ್ಬರನ್ನು ಕಳಿಸಿದ. ಹೆಲ್‌ಬಿಗ್ ಅವರು ಆ ಶೆಡ್ಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಮನುಷ್ಯರನ್ನು ನೋಡಲು ಹೋದದ್ದಲ್ಲ. ಕೆಟ್ಟ ಮಾಲು ನೋಡಲು ಹೋದದ್ದು.

ಹೊಗೆಗೆ ಕಣ್ಣು ಉರಿಯುತ್ತಿತ್ತು. ಕಾವಲಿನ ಹೆಂಗಸು ಓಡಿ ಬಂದಳು. "ನಮ್ಮ ಕಡೆಯಿಂದ ತಪ್ಪಿಲ್ಲ ಸಾರ್. ಕಾರ್ಡಲ್ಲಿ ಹೇಗಿದೆಯೋ ಹಾಗೇ ಮಾಡ್ತಾರೆ. ಒಂದು ಚೂರು ಆಚೀಚೆ ಹೋಗೋಕೆ ನಾನು ಬಿಡಲ್ಲ."

ಏಳನೆಯ ಜಾಗದಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬಳು ನಿಂತಿದ್ದಳು. ಎದೆಯ ಮೇಲೆ ಸಂಖ್ಯೆಯ ಪಟ್ಟಿ. ಹೆಲ್‌ಬಿಗ್ ಅವಳ ಹತ್ತಿರ ಹೋಗಿ, ಬಳೆ ಯಾಕೆ ಸರಿಯಾಗಿ ಕೂರಿಸುತ್ತಿಲ್ಲ ಎಂದು ಕೈಸನ್ನೆಯಲ್ಲಿ ಕೇಳಿದರು. ಅವಳು ಮೊಳೆಗೆ ನೇತುಹಾಕಿದ್ದ ಕಾರ್ಡನ್ನು ತೆಗೆದು ಎದೆಯ ಮಟ್ಟಕ್ಕೆ ಹಿಡಿದಳು. ಅದರ ಪಕ್ಕದಲ್ಲಿ ತನ್ನ ಬಲಗೈ ಹಿಡಿದಳು.

ಕಾರ್ಡಿನಲ್ಲಿ ನನ್ನ ಕೈ ಇತ್ತು, ಚೆಂದದ ಉಗುರುಗಳ ಸಮೇತ. ಅವಳ ಕೈಯಲ್ಲಿ ಉಗುರು ಇರಲಿಲ್ಲ. ಬೆರಳ ತುದಿಗಳು ಹಳದಿಯಾಗಿ ಬಾತು ಒಡೆದಿದ್ದವು, ಎರಡು ಬೆರಳು ಮಡಚಿಕೊಂಡು ಹಾಗೇ ನಿಂತಿದ್ದವು. ಅವಳು ಎರಡನ್ನೂ ಅಕ್ಕಪಕ್ಕ ಹಿಡಿದು, ನಮ್ಮಿಬ್ಬರ ಮುಖ ನೋಡುತ್ತ ನಿಂತಳು. ಕಾವಲಿನವಳು ಬೈದಾಗ ಕಾರ್ಡನ್ನು ಮೊಳೆಗೆ ಸಿಕ್ಕಿಸಿ ಮತ್ತೆ ತೊಟ್ಟಿಗೆ ಕೈಹಾಕಿದಳು.

ಹೆಲ್‌ಬಿಗ್ ನೇರವಾಗಿ ಸ್ಟ್ರೌಬೆಲನ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತೆ.

"ಏಳನೇ ಜಾಗಕ್ಕೆ ಕೈಗವಸು ಬೇಕು."

"ರಬ್ಬರ್ ಎಲ್ಲಿದೆ ಹೆಲ್‌ಬಿಗ್? ಲಾರಿ ಟೈರಿಗೇ ಇಲ್ಲ."

"ಕೈ ಹೋಗ್ತಿದೆ ಅವರದ್ದು."

ಸ್ಟ್ರೌಬೆಲ್ ಕನ್ನಡಕ ತೆಗೆದ. ಅವನು ಕೂಗಾಡುವ ಮನುಷ್ಯನಲ್ಲ, ಅದೇ ಹೆದರಿಕೆ. "ಕೈಗೇನು ಬರ ಇಲ್ಲಪ್ಪ. ಕೇಳಿದ್ರೆ ಬೇರೆ ಕಳಿಸ್ತಾರೆ. ನೀವು ನಿಮ್ಮ ಕೆಲಸ ಹೇಳಿ. ರಿಜೆಕ್ಟ್ ಯಾಕಾಗ್ತಿದೆ?"

ಹೆಲ್‌ಬಿಗ್ ಗೋಡೆಯ ಮೇಲಿನ ಭೂಪಟ ನೋಡಿದರು. ಆಮೇಲೆ ಬೇರೆಯೇ ದನಿಯಲ್ಲಿ, "ಬೆರಳು ಬಾತಿರೋದ್ರಿಂದ ಬಳೆಯ ಬಿಗಿ ತಿಳೀತಿಲ್ಲ. ತೊಟ್ಟಿಗೆ ಅದ್ದೋಕೆ ಮರದ ಇಕ್ಕಳ ಮಾಡ್ಸಿದ್ರೆ ರಿಜೆಕ್ಟ್ ಇಳಿಯುತ್ತೆ," ಎಂದರು.

"ಹೀಗೆ ಹೇಳಿ ಮತ್ತೆ!" ಎಂದು ಸ್ಟ್ರೌಬೆಲ್ ಅಲ್ಲೇ ಒಪ್ಪಿಗೆ ಬರೆದ.

ಬೀಚ್ ಮರದ ತುಂಡುಗಳಿಂದ ನಲವತ್ತು ಇಕ್ಕಳ ತಯಾರಾಗಲು ಐದು ವಾರ ಹಿಡಿಯಿತು. ಹೆಲ್‌ಬಿಗ್ ಅವರೇ ಅರ್ಧದಷ್ಟನ್ನು ಕೆತ್ತಿದರು. ತೆಗೆದುಕೊಂಡು ಹೋದಾಗ ಏಳನೆಯ ಜಾಗದಲ್ಲಿ ಬೇರೆ ಹೆಂಗಸರಿದ್ದರು.

"ಹಿಂದೆ ಇದ್ದೋರು?" ಎಂದು ಕೇಳಿದರು.

"ವಾಪಸ್ ಕಳಿಸಿದ್ದಾಯ್ತು ಸಾರ್. ಕೈಲಾಗದೋರನ್ನ ಇಟ್ಕೊಂಡು ಏನ್ಮಾಡೋದು?"

ವಾಪಸ್ ಎಂದರೆ ಎಲ್ಲಿಗೆ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಕ್ಕಳ ಬಂದ ಮೇಲೆ ರಿಜೆಕ್ಟ್ ಇಳಿಯಿತು, ಉತ್ಪಾದನೆ ಏರಿತು. ಹೆಲ್‌ಬಿಗ್ ಅವರಿಗೆ ಇನ್ನೊಂದು ಮೆಚ್ಚುಗೆಯ ಪತ್ರ ಬಂತು. ಅದನ್ನು ಓದಿ ಮಡಚಿ, ಇಕ್ಕಳ ಕೆತ್ತಿ ಉಳಿದ ಚಕ್ಕೆಗಳ ಜೊತೆ ಒಲೆಗೆ ಹಾಕಿದರು.

ಮುಂದಿನ ಏಪ್ರಿಲಿನಲ್ಲಿ ಅಮೆರಿಕನ್ನರು ಬರುವ ನಾಲ್ಕು ದಿನ ಮೊದಲು ಆ ಹೆಂಗಸರನ್ನು ಕಾಡಿನ ದಾರಿಯಲ್ಲಿ ನಡೆಸಿಕೊಂಡು ಹೋದರು. ನಾವು ಕಿಟಕಿಗೆ ಪರದೆ ಎಳೆದೆವು. ಅದೇ ವಾರ ಊರಿನ ಹದಿನೈದು ಹದಿನಾರರ ಮಕ್ಕಳ ಕೈಗೆ ನಮ್ಮ ಕೊಳವೆ ಕೊಟ್ಟು ಸೇತುವೆಯ ಹತ್ತಿರ ನಿಲ್ಲಿಸಿದ್ದರು. ಕಲಿಸುವುದು ಸುಲಭವಾಗಿತ್ತು, ಚಿತ್ರ ನೋಡಿದರೆ ಸಾಕಿತ್ತು. ಆರು ಮಕ್ಕಳು ಸತ್ತರು.

ಬಂದ ಅಮೆರಿಕನ್ನರಲ್ಲಿ ಒಬ್ಬ ಕ್ಯಾಪ್ಟನ್ ಎಂಜಿನಿಯರ್ ಆಗಿದ್ದ. ಅಜ್ಜಿಯಿಂದ ಕಲಿತ ಜರ್ಮನ್ ಮಾತಾಡುತ್ತಿದ್ದ. ನಕ್ಷೆ ವಿಭಾಗದಲ್ಲಿ ಕೂತು, ಹೆಲ್‌ಬಿಗ್ ಅವರಿಗೆ ಸಿಗರೇಟು ಕೊಟ್ಟು, ಒಂದು ಹಾಳೆಯ ನಡುವೆ ಗೆರೆ ಎಳೆದ.

"ಇಲ್ಲಿ ನಿಮ್ಮ ಸೇನೆ ಮಾಡಿದ ಒಳ್ಳೇ ನಿರ್ಧಾರಗಳು, ಇಲ್ಲಿ ಕೆಟ್ಟವು. ನಿಮ್ಗೆ ಗೊತ್ತಿರೋ ಆಯುಧಗಳ ಬಗ್ಗೆ ಮಾತ್ರ ಬರೀರಿ. ಗೇರಿನ ಕಥೆ ನನಗೆ ಗೊತ್ತು, ದಡ್ಡತನ. ಆದ್ರೆ ಈ ಕೊಳವೆ! ಭೇಷ್ ಕಣ್ರೀ. ಇಷ್ಟು ಕಮ್ಮಿ ತಗಡಲ್ಲಿ!"

ಹೆಲ್‌ಬಿಗ್ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಒಳ್ಳೇದು ಅಂದ್ರೆ ಯಾರಿಗೆ?"

"ಅಂದ್ರೆ?"

"ಆ ಗೇರಿನಿಂದ ನಮ್ಮ ಟ್ಯಾಂಕ್ ನಿಂತ್ಹೋದ್ವು. ನಿಮ್ಮೋರು ಎಷ್ಟು ಜನ ಉಳಿದ್ರೋ. ಅದು ಕೆಟ್ಟದ್ದು ಅಂತ ಬರೀಲಾ? ಕೊಳವೆ ಚೆನ್ನಾಗಿ ಕೆಲಸ ಮಾಡ್ತು. ಸೇತುವೆ ಹತ್ರ ಹೋಗಿ ನೋಡಿ ಬನ್ನಿ, ಆಮೇಲೆ ಹೇಳಿ."

ಕ್ಯಾಪ್ಟನ್ ಸಿಟ್ಟಾಗಲಿಲ್ಲ. "ನಾನು ಎಂಜಿನಿಯರ್. ಪಾದ್ರಿ ಅಲ್ಲ," ಎಂದ.

ಹೆಲ್‌ಬಿಗ್ ಬರೆದರು. ಕೆಟ್ಟ ನಿರ್ಧಾರಗಳ ಕೆಳಗೆ ಮೊದಲ ಸಾಲು ಹೀಗಿತ್ತು: ಏಳನೆಯ ಹೆಜ್ಜೆಯಿಂದ ಕೈಗವಸು ತೆಗೆದದ್ದು. ನಿರ್ಧಾರ ಸೇನೆಯದಲ್ಲ, ನನ್ನದು. ಉಳಿತಾಯ, ಕೊಳವೆಗೆ ನಾಲ್ಕು ಸೆಕೆಂಡು. ಕ್ಯಾಪ್ಟನ್ ಅದನ್ನು ಓದಿ, ಇದು ತನ್ನ ವರದಿಗೆ ಸಂಬಂಧಿಸಿದ್ದಲ್ಲ ಎಂದು ಗೆರೆ ಹೊಡೆದ. ಜುಲೈಯಲ್ಲಿ ಅಮೆರಿಕನ್ನರು ಹೋಗಿ ರಷ್ಯನ್ನರು ಬಂದರು. ಅಮೆರಿಕನ್ನರ ಜೊತೆ ಸ್ಟ್ರೌಬೆಲನೂ ಹೋದ. ಆಮೇಲೆ ಅವನು ರೈನ್ ನದಿಯ ಕಡೆ ದೊಡ್ಡ ಮನೆ ಕಟ್ಟಿಸಿದನಂತೆ.

ನಮ್ಮ ಕಾರ್ಖಾನೆಯಲ್ಲಿ ಉಳಿದ ಯಂತ್ರಗಳು ಹೊಲಿಗೆ ಯಂತ್ರದ ಬಿಡಿಭಾಗ ಮಾಡತೊಡಗಿದವು. ಯುದ್ಧಕಾಲದಲ್ಲಿ ಏನೇನು ಮಾಡಿದಿರಿ ಎಂದು ಊರಿನ ಸಮಿತಿ ಎಲ್ಲರನ್ನೂ ಕರೆದು ಕೇಳಿತು. ಪ್ರತಿಯೊಬ್ಬರೂ ಮೂರು ಸಾಲು ಬರೆದು ಮುಗಿಸಿದರು. ಹೆಲ್‌ಬಿಗ್ ಎದ್ದು ನಿಂತು ಕೈಗವಸಿನ ಕಥೆಯನ್ನು ಮೊದಲಿಂದ ಹೇಳತೊಡಗಿದರು. ಹಿಂದಿನ ಬೆಂಚಿನಿಂದ ಯಾರೋ, "ಕೂತ್ಕೊಳ್ರೀ ಹೆಲ್‌ಬಿಗ್! ಎಲ್ರನ್ನೂ ಯಾಕೆ ಬೀದಿಗೆ ಎಳೀತೀರಿ?" ಎಂದು ಕೂಗಿದರು. ಅವರಿಗೆ ತಲೆ ಕೆಟ್ಟಿದೆ ಎಂಬ ಮಾತು ಹುಟ್ಟಿದ್ದು ಅವತ್ತು. ನಾನು ಅದೇ ಸಭೆಯಲ್ಲಿದ್ದೆ. ಹೌದು, ಆ ಕೈ ನನ್ನದು ಎಂದು ಎದ್ದು ಹೇಳಬಹುದಿತ್ತು. ಹೇಳಲಿಲ್ಲ.

ಆರ್ನುಲ್ಫ್ ಸೆರೆಯಿಂದ ಬಿಡುಗಡೆಯಾಗಿ ನಲವತ್ತೊಂಬತ್ತರಲ್ಲಿ ಮನೆಗೆ ಬಂದ. ಹಲ್ಲೆಲ್ಲ ಉದುರಿ ಮುದುಕನಂತಾಗಿದ್ದ. ಹೆಲ್‌ಬಿಗ್ ಮೊದಲನೆಯ ದಿನವೇ ಅವನೆದುರು ಕೂತು ಹೇಳಿದರು, "ಆ ಗೇರು ಪಾಸ್ ಮಾಡಿದ ಕತ್ತೆ ನಾನೇ ಕಣಪ್ಪ."

ಆರ್ನುಲ್ಫ್ ಚಮಚ ಕೆಳಗಿಟ್ಟ. "ಅಕ್ಕ ಸೆರೆಗೇ ಬರೆದಿದ್ಲು ಭಾವ. ನನಗೆ ಗೊತ್ತಿತ್ತು," ಎಂದ. "ಒಂದು ಮಾತು ಹೇಳ್ಲಾ? ಅವತ್ತು ಕೆಡದೇ ಹೋದ ಏಳು ಗಾಡಿ ಮುಂದಕ್ಕೆ ಹೋದ್ವಲ್ಲ, ಅದರೊಳಗಿದ್ದೋರು ಒಬ್ರೂ ಬರ್ಲಿಲ್ಲ. ನಿಮ್ಮ ಕೆಟ್ಟ ಹಲ್ಲಿಂದಾನೇ ನಾನು ಇಲ್ಲಿ ಸೂಪು ಕುಡೀತಿರೋದು." ನಗಲು ನೋಡಿದ.

"ಲುಟ್ಸ್?"

"ಲುಟ್ಸ್ ವಿಷ್ಯ ಬೇರೆ," ಎಂದು ಆರ್ನುಲ್ಫ್ ಸೂಪಿನ ಬಟ್ಟಲಿಗೆ ಬಗ್ಗಿದ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಸಾಯುವವರೆಗೂ ಇಬ್ಬರೂ ಒಟ್ಟಿಗೆ ಮೀನು ಹಿಡಿಯಲು ಹೋಗುತ್ತಿದ್ದರು.

ಹೆಲ್‌ಬಿಗ್ ಹತ್ತಿರ ಆ ಹೆಂಗಸಿನ ಸಂಖ್ಯೆ ಇತ್ತು. ಶೆಡ್ಡಿಗೆ ಹೋದ ದಿನ ರಿಜೆಕ್ಟ್ ಪಟ್ಟಿಯಲ್ಲಿ ಬರೆದುಕೊಂಡದ್ದು. ಐವತ್ತಮೂರರಲ್ಲಿ, ಕಾಣೆಯಾದವರನ್ನು ಹುಡುಕುವ ಕಚೇರಿಗಳಿಗೆ ಅದೊಂದನ್ನೇ ಬರೆದು ಕಾಗದ ಹಾಕತೊಡಗಿದರು. ಸಿಕ್ಕರೆ ಅವಳಿಗೆ ಮುಟ್ಟಿಸಿ ಎಂದು, ಕೈಗವಸಿನ ವಿಷಯ ಬರೆದು ಕ್ಷಮೆ ಕೇಳಿದ ಒಂದು ಚೀಟಿಯನ್ನೂ ಜೊತೆಗಿಡುತ್ತಿದ್ದರು. "ಸತ್ತಿರ್ತಾಳೆ ಕಣ್ರೀ, ಯಾಕೆ ಕೆದಕ್ತೀರಿ?" ಎನ್ನುತ್ತಿದ್ದಳು ಟ್ರೌಡೆಲ್. ಅವರು, "ಸತ್ತಿದಾಳೆ ಅಂತಾನಾದ್ರೂ ಯಾರೋ ಒಬ್ರು ಬರೆದು ತಿಳಿಸ್ಲಿ," ಎನ್ನುತ್ತಿದ್ದರು. ಏಳು ವರ್ಷ ಹೀಗೇ ಹೋಯಿತು. ಅರವತ್ತರ ಮಾರ್ಚಿನಲ್ಲಿ ಪೋಲೆಂಡಿನ ವೂಚ್ ನಗರದಿಂದ ಒಂದು ಲಕೋಟೆ ಬಂತು. ಅವಳ ಹೆಸರು ಬ್ರೊನಿಸ್ವಾವಾ ವಿಲ್ಚೆಕ್. ವಾಪಸ್ ಕಳಿಸಿದ ರೈಲು ದಾರಿಯಲ್ಲಿ ಬಾಂಬಿಗೆ ಸಿಕ್ಕಾಗ ಓಡಿಹೋಗಿ ಬದುಕಿದವಳು.

ಹೆಲ್‌ಬಿಗ್ ಅದನ್ನು ಓದಲು ನನ್ನನ್ನೇ ಕರೆದರು. ಲಕೋಟೆಯನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು.

"ನಿಮ್ಮ ಊರಲ್ಲೇ ಕಲಿತ ಜರ್ಮನ್‌ನಲ್ಲಿ ಬರೆಯುತ್ತಿದ್ದೇನೆ, ತಪ್ಪುಗಳಿದ್ದರೆ ಅವೂ ನಿಮ್ಮದೇ. ನಿಮ್ಮ ಮುಖ ನನಗೆ ನೆನಪಿಲ್ಲ. ಅಲ್ಲಿ ಮುಖಗಳನ್ನು ನೆನಪಿಟ್ಟುಕೊಳ್ಳುವುದನ್ನು ಬಿಟ್ಟಿದ್ದೆ. ಕಾರ್ಡಿನಲ್ಲಿದ್ದ ಕೈ ಮಾತ್ರ ನೆನಪಿದೆ. ಅದರ ಮೇಲೆ ನನಗೆ ಬಹಳ ಹೊಟ್ಟೆಕಿಚ್ಚಿತ್ತು. ನೀವು ಕ್ಷಮೆ ಕೇಳಿದ್ದೀರಿ. ಅದನ್ನು ಏನು ಮಾಡಬೇಕೋ ನನಗೆ ತಿಳಿಯದು. ನನಗೆ ಬೇರೆ ಒಂದು ಬೇಕು. ನನ್ನ ನಾಲ್ಕು ಬೆರಳು ಬಿಚ್ಚಲು ಬರುವುದಿಲ್ಲ. ಪಿಂಚಣಿಗೆ ಅರ್ಜಿ ಹಾಕಿದರೆ, ಇದು ಹುಟ್ಟಿನಿಂದ ಬಂದ ಕಾಯಿಲೆ ಎಂದು ವೈದ್ಯ ಮಂಡಳಿಯವರು ಹೇಳುತ್ತಾರೆ. ಯಾಕೆ ಹೀಗಾಯಿತು ಎಂದು ನಿಮಗೆ ಗೊತ್ತು. ಅದನ್ನು ಬರೆದು, ಮೊಹರು ಹಾಕಿಸಿ ಕಳಿಸಿ."

ನಾನು ಓದಿ ಮುಗಿಸಿದೆ. ಹೆಲ್‌ಬಿಗ್ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದರು. "ನಡೀರಿ, ಬರೆಯೋಣ," ಎಂದರು.

ಎರಡು ಪುಟ ಬರೆದರು. ಅದರಲ್ಲಿ ಸೇನೆಯ ಆಜ್ಞೆ, ಯುದ್ಧಕಾಲದ ಒತ್ತಡ, ಯಾವುದೂ ಇರಲಿಲ್ಲ. ಆಸಿಡ್ಡಿನ ಹೆಸರು, ಬೆರೆಸುತ್ತಿದ್ದ ಪ್ರಮಾಣ, ಕೆಲಸದ ಗಂಟೆಗಳು, ಕೈಗವಸು ತೆಗೆಸಿದವನ ಹೆಸರು. ಕೆಳಗೆ ನಾನೂ ಬರೆದೆ: ಕಾರ್ಡಿಗೆ ಮಾದರಿಯಾಗಿ ಕೈ ಕೊಟ್ಟವಳು, ಮಸಿ ಎಳೆದವಳು, ಗೆರ್ದಾ ಮೋಟ್ಶ್‌ಮನ್. ಹದಿನಾರು ವರ್ಷಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ನಗರ ಕಚೇರಿಯ ಗುಮಾಸ್ತ ಓದಿ ಕಾಗದವನ್ನು ಹಿಂದಕ್ಕೆ ತಳ್ಳಿದ. "ಇದಕ್ಕೆ ನಾನು ಮೊಹರು ಹಾಕೋಕಾಗಲ್ಲ ತಾತ. ಅದೆಲ್ಲ ಹಳೇ ಸರ್ಕಾರದ್ದು. ಆ ಬಂಡವಾಳಗಾರ್ರು ಈಗ ಗಡಿಯಾಚೆ ಇದಾರೆ, ಅವರನ್ನ ಕೇಳಿ."

"ಬಂಡವಾಳಗಾರ ಅಲ್ಲಪ್ಪ, ನಾನು ಮಾಡಿದ್ದು," ಎಂದರು ಹೆಲ್‌ಬಿಗ್. "ನಾನು ಇಲ್ಲೇ ಇದೀನಲ್ಲ."

"ನಿಮ್ಗೇ ತೊಂದ್ರೆ ಆಗುತ್ತೆ."

"ಆಗ್ಲಿ."

ಹನ್ನೊಂದು ಸಲ ಹೋದರು. ಪ್ರತಿ ಸಲವೂ ಬೆಂಚಿನ ಮೇಲೆ ಕೂತು, ಕಚೇರಿ ಮುಚ್ಚುವ ತನಕ ಕಾದು, ಮರುವಾರ ಮತ್ತೆ ಹೋದರು. ಕಾಟ ತಾಳಲಾರದೆ ಕೊನೆಗೆ ಗುಮಾಸ್ತ ಮೊಹರು ಒತ್ತಿದ. ಅರವತ್ತೊಂದರ ಚಳಿಗಾಲದಲ್ಲಿ ಅವಳಿಂದ ಒಂದು ಅಂಚೆ ಕಾರ್ಡು ಬಂತು: "ಕಾಗದ ತಲುಪಿತು. ಪಿಂಚಣಿ ಸಿಕ್ಕಿತು. ಇನ್ನು ಮುಂದೆ ಬರೆಯಬೇಡಿ."

ಕ್ರಿಸ್‌ಮಸ್ಸಿಗೆ ಒಂದು ಉಣ್ಣೆಯ ಶಾಲು ಕಳಿಸೋಣವೇ ಎಂದು ಟ್ರೌಡೆಲ್ ಕೇಳಿದಳು. ಹೆಲ್‌ಬಿಗ್ ತಲೆಯಾಡಿಸಿದರು. "ಬೇಡ ಅಂದಿದಾಳೆ. ಅದೊಂದನ್ನಾದ್ರೂ ಅವಳು ಹೇಳಿದ ಹಾಗೆ ಮಾಡ್ಬೇಕು." ಮತ್ತೆ ಬರೆಯಲಿಲ್ಲ. ಮನಸ್ಸು ಹಗುರವಾಯಿತೇ ಎಂದು ನಾನೊಮ್ಮೆ ಕೇಳಿದ್ದೆ. "ಹಗುರ ಆಗೋಕೆ ಅವಳು ಪಿಂಚಣಿ ಕೇಳಿದ್ದಾ ಗೆರ್ದಾ?" ಎಂದು ನನ್ನನ್ನೇ ಗದರಿದರು.

ಅರವತ್ತೊಂಬತ್ತರಲ್ಲಿ ಹೆಲ್‌ಬಿಗ್ ತೀರಿಕೊಂಡರು. ಎಪ್ಪತ್ತೊಂದು ವರ್ಷ. ಶವದ ಹಿಂದೆ ನಡೆದವರು ಒಂಬತ್ತು ಜನ. ಒಂದು ತಿಂಗಳ ಮೇಲೆ ಟ್ರೌಡೆಲ್ ಅವರ ಕಾಗದಗಳನ್ನೆಲ್ಲ ದಾರದಲ್ಲಿ ಕಟ್ಟಿ ನನ್ನ ಮುಂದಿಟ್ಟಳು: ಕಾರ್ಡುಗಳ ಪ್ರತಿ, ಪೋಲೆಂಡಿನ ಕಾಗದ, ಪದಕ.

"ಒಲೆಗೆ ಹಾಕ್ಬಿಡ್ಲಾ?"

"ಬೇಡ," ಎಂದೆ.

ನಮ್ಮ ಊರಿನಲ್ಲಿ ಒಂದು ವಸ್ತು ಸಂಗ್ರಹಾಲಯವಿದೆ. ಬೇಟೆ ಬಂದೂಕುಗಳು ಒಂದು ಕೋಣೆಯಲ್ಲಿ, ಹೊಲಿಗೆ ಯಂತ್ರಗಳು ಇನ್ನೊಂದರಲ್ಲಿ. ನಾನು ಕಟ್ಟನ್ನು ಅಲ್ಲಿಗೆ ತೆಗೆದುಕೊಂಡು ಹೋದೆ. ಅಲ್ಲಿಯ ಮೇಲ್ವಿಚಾರಕ ಸಭ್ಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದ. ಎರಡು ಕೋಣೆಗಳ ನಡುವೆ ಬರೀ ಒಂದು ಬಾಗಿಲಿದೆ, ಇದನ್ನಿಡಲು ಜಾಗವಿಲ್ಲ ಎಂದ. ನಾಲ್ಕು ವರ್ಷದಲ್ಲಿ ಮೂರು ಸಲ ಹೋಗಿ ಬಂದಿದ್ದೇನೆ. ಈಗ ಮಂಡಿನೋವು, ಆದರೂ ವಸಂತದಲ್ಲಿ ಇನ್ನೊಮ್ಮೆ ಹೋಗುವುದಿದೆ. ಅಲ್ಲಿಯವರೆಗೆ ಕಟ್ಟು ನನ್ನ ಅಡುಗೆಮನೆಯ ಕಪಾಟಿನಲ್ಲಿ, ಹಿಟ್ಟಿನ ಡಬ್ಬದ ಪಕ್ಕದಲ್ಲಿದೆ. ನೋಡಬೇಕೆನ್ನುವವರು ಬರಬಹುದು. ಬಾಗಿಲ ಗಂಟೆ ಕೆಟ್ಟಿದೆ, ಜೋರಾಗಿ ತಟ್ಟಬೇಕು.